ಸ್ಕಿನ್ ಅನಾಲಿಸಿಸ್ ಪ್ಯಾಕೇಜ್, ಕಲಬುರಗಿ: ಒಂದು ವರ್ಷ ಬಳಸಿದ ಮೇಲೆ (5ಕ್ಕೆ 3)

ಕಳೆದ ಬೇಸಿಗೆಯಲ್ಲಿ ನಮ್ಮೂರಿನ ಒಂದು ಸ್ಕಿನ್ ಕ್ಲಿನಿಕ್‌ನಲ್ಲಿ ವರ್ಷದ ಪ್ಯಾಕೇಜ್ ತಗೊಂಡೆ. ಮುಖದ ಫೋಟೊ, ಚರ್ಮದ ತೇವಾಂಶದ ಅಳತೆ, ಜೊತೆಗೆ ಚರ್ಮದ ವಯಸ್ಸು ಎಷ್ಟು ಅಂತ ಒಂದು ರಿಪೋರ್ಟ್. ಕೆಲಸದ ಮೇಲೆ ಆಳಂದ ರೋಡಿನ ಹಳ್ಳಿಗಳಿಗೆ ಸ್ಕೂಟಿಯಲ್ಲಿ ಓಡಾಡುವವಳು ನಾನು. ಮೇ ತಿಂಗಳಲ್ಲಿ 42 ಡಿಗ್ರಿ ಅಂದ್ರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಎರಡೂ ಕೆನ್ನೆ ಮೇಲೆ ಕಂದು ಕಲೆ ಶುರುವಾಗಿತ್ತು, ಅದಕ್ಕೇ ಹೋಗಿದ್ದು.

ಕ್ಯಾಮೆರಾ ನಿಜಕ್ಕೂ ಚೆನ್ನಾಗಿದೆ. ಗದ್ದ ಇಡಲು ಪಟ್ಟಿ, ಹಣೆಗೆ ಒಂದು ಪಟ್ಟಿ, ಕಣ್ಣು ಮುಚ್ಚಿ ಕೂತರೆ ಬೇರೆಬೇರೆ ಬೆಳಕಿನಲ್ಲಿ ಫೋಟೊ ತೆಗೆಯುತ್ತದೆ. ಒಂದು ಬೆಳಕು ಮುಖದ ಹೊಳಪನ್ನು ಮರೆಮಾಡಿ ಕಲೆ ತೋರಿಸುತ್ತದೆ. ಇನ್ನೊಂದು ಸುಕ್ಕು, ರಂಧ್ರಗಳನ್ನು ಎತ್ತಿ ತೋರಿಸುತ್ತದೆ. ಯುವಿ ಬೆಳಕಿನ ಫೋಟೊ ನೋಡಿ ಗಾಬರಿಯಾದೆ. ಬರಿಗಣ್ಣಿಗೆ ಕಾಣದ ಕಲೆಗಳು ಮೂಗಿನ ಎರಡೂ ಬದಿಗೆ ಚುಕ್ಕಿ ಚುಕ್ಕಿಯಾಗಿ ಕಂಡವು. ನಮ್ಮಂಥ ಕಂದು ಚರ್ಮದವರಿಗೆ ಸುಕ್ಕಿಗಿಂತ ಮೊದಲು ಬಣ್ಣದ ವ್ಯತ್ಯಾಸವೇ ಬರುವುದು ಹೆಚ್ಚು, ಹಾಗಾಗಿ ನಮಗೆ ಬೇಕಾದ ಫೋಟೊ ಇದೇ.

ಬೇಸರ ತಂದಿದ್ದು ತೇವಾಂಶದ ಅಳತೆ. ಪೆನ್ನಿನಂಥ ಒಂದು ಪ್ರೋಬ್ ಕೆನ್ನೆಗೆ ಒತ್ತುತ್ತಾರೆ, ಒಂದು ಕ್ಷಣದಲ್ಲಿ ಸಂಖ್ಯೆ ಬರುತ್ತದೆ. ಚರ್ಮದ ಮೇಲ್ಪದರದಲ್ಲಿ ಎಷ್ಟು ನೀರಿದೆ ಅಂತ ವಿದ್ಯುತ್ ಮೂಲಕ ಅಳೆಯುವ ಉಪಕರಣ ಅದು. ಬೆವರಿದ್ದರೆ ಸಂಖ್ಯೆ ಏರುತ್ತದೆ. ಸರಿಯಾದ ಪರೀಕ್ಷೆಯಲ್ಲಿ ಸುಮಾರು 20 ರಿಂದ 22 ಡಿಗ್ರಿಯ ಕೋಣೆಯಲ್ಲಿ 20 ರಿಂದ 30 ನಿಮಿಷ ಕೂರಿಸಿ, ಗಾಳಿಯ ತೇವವನ್ನೂ ಒಂದೇ ಮಟ್ಟದಲ್ಲಿ ಇಟ್ಟು ಅಳೆಯುತ್ತಾರೆ. ನನಗೆ ಬಿಸಿಲಿನಿಂದ ಬಂದ ಕೂಡಲೇ ಅಳತೆ ಮಾಡಿದರು. ಕೇಳಿದ ಮೇಲೆ ಕೂರಿಸಿದರು. ಕೇಳದಿದ್ದರೆ ಇಲ್ಲ.

ಮಾಯಿಶ್ಚರೈಸರ್ ಕೊಟ್ಟಾಗ ನಾನು ಅದನ್ನು ಎಡಗೈಗೆ ಮಾತ್ರ ಹಚ್ಚಿದೆ, ಬಲಗೈ ಹಾಗೇ ಬಿಟ್ಟೆ. ಮಳೆಗಾಲದಲ್ಲಿ ಅಳೆದಾಗ ಸಂಖ್ಯೆ ಏರಿತ್ತು. "ಕ್ರೀಮ್ ಕೆಲಸ ಮಾಡ್ಲಾಕತ್ತದ ನೋಡ್ರಿ ಮೇಡಂ" ಅಂದ ಅಲ್ಲಿನ ಹುಡುಗ. ಬಲಗೈಯನ್ನೂ ಅಳೆಯಪ್ಪಾ ಅಂದೆ. ಅದೂ ಏರಿತ್ತು! ಎಡಗೈಯದು ಸ್ವಲ್ಪ ಜಾಸ್ತಿ, ಅಷ್ಟೇ. ಕ್ರೀಮಿನ ನಿಜವಾದ ಲಾಭ ಆ ಸ್ವಲ್ಪ ಮಾತ್ರ, ಉಳಿದದ್ದು ಮಳೆಯದು. ಕಾಸ್ಮೆಟಿಕ್ ಪರೀಕ್ಷೆ ಚೆನ್ನಾಗಿ ಮಾಡುವವರು ಮುಖದ ಒಂದು ಬದಿಗೆ ಪೂರ್ತಿ ಕ್ರೀಮ್, ಇನ್ನೊಂದು ಬದಿಗೆ ಮುಖ್ಯ ಅಂಶ ತೆಗೆದ ಬರೀ ಬೇಸ್ ಹಚ್ಚಿಸುತ್ತಾರೆ. ಯಾವ ಬದಿಗೆ ಯಾವುದು ಅಂತ ಹಚ್ಚುವವರಿಗೂ ಅಳೆಯುವವರಿಗೂ ಗೊತ್ತಿರಬಾರದು. ಬರೀ ಬೇಸ್ ಹಚ್ಚಿದರೂ ಸಣ್ಣ ಗೆರೆ ಕಡಿಮೆ ಕಾಣಬಹುದು, ಅದಕ್ಕೇ ಈ ಎಚ್ಚರ. "ಹತ್ತರಲ್ಲಿ ಒಂಬತ್ತು ಹೆಂಗಸರಿಗೆ ಫರಕ್ ಅನ್ನಿಸಿತು" ಅಂತ ಡಬ್ಬಿ ಮೇಲೆ ಬರೆದಿದ್ದರೆ ಅದು ಅನಿಸಿಕೆ, ಅಳತೆ ಅಲ್ಲ.

ಚರ್ಮದ ವಯಸ್ಸಿನ ರಿಪೋರ್ಟ್ ನನಗೆ ಉಪಯೋಗಕ್ಕೆ ಬರಲಿಲ್ಲ. ಯಂತ್ರದಲ್ಲಿ ತುಂಬಿಟ್ಟ ಬೇರೆಯವರ ಫೋಟೊ ಜೊತೆ ನಮ್ಮದನ್ನು ಹೋಲಿಸಿ ಕೊಡುವ ಸಂಖ್ಯೆ ಅದು. ಯಾರ ಫೋಟೊ, ಯಾವ ಬಣ್ಣದ ಚರ್ಮ ಅಂತ ಕೇಳಿದೆ. ಉತ್ತರ ಸಿಗಲಿಲ್ಲ.

ದಿನಾ ಸನ್‌ಸ್ಕ್ರೀನ್ ಹಚ್ಚಿ ಅಂತ ಡಾಕ್ಟರ್ ಹೇಳಿದ್ದು ಮಾತ್ರ ಸರಿ. ಆಸ್ಟ್ರೇಲಿಯಾದ ನ್ಯಾಂಬರ್ ಊರಿನಲ್ಲಿ 903 ಜನರ ಕೈ ಹಿಂಬದಿಯ ಸಿಲಿಕೋನ್ ಅಚ್ಚು ತೆಗೆದು ನಾಲ್ಕೂವರೆ ವರ್ಷದ ಬದಲಾವಣೆ ನೋಡಿದ್ದರು. ದಿನಾ ಹಚ್ಚಿದವರಲ್ಲಿ ಚರ್ಮಕ್ಕೆ ವಯಸ್ಸಾಗಿದ್ದು 24% ಕಡಿಮೆ. ಅದು 2013ರಲ್ಲಿ ಪ್ರಕಟವಾಯಿತು. ನನ್ನ ಕಲೆಗಳೂ ವರ್ಷದ ಫೋಟೊದಲ್ಲಿ ತಿಳಿಯಾಗಿ ಕಾಣುತ್ತಿವೆ, ಹೊಸ ಕಲೆ ಇಲ್ಲ. ಸ್ಕಾರ್ಫನ್ನೂ ಬಿಟ್ಟಿಲ್ಲ, ಅದರ ಪಾಲೂ ಇದರಲ್ಲಿದೆ. ಹಚ್ಚುವಾಗ ಜಿಪುಣತನ ಬೇಡ. ಸನ್‌ಸ್ಕ್ರೀನ್ ಬಿಸಿಲಿನಿಂದ ಎಷ್ಟು ಕಾಪಾಡುತ್ತದೆ ಅಂತ ತೋರಿಸುವ ಸಂಖ್ಯೆಯೇ ಎಸ್‌ಪಿಎಫ್, ಅದರ ಪರೀಕ್ಷೆಯಲ್ಲಿ ಒಂದು ಚದರ ಸೆಂಟಿಮೀಟರ್‌ಗೆ 2 ಮಿಲಿಗ್ರಾಂ ಹಚ್ಚುತ್ತಾರೆ, ನಾವು ಬಹುತೇಕ ಅದಕ್ಕಿಂತ ಕಡಿಮೆ ಸವರುತ್ತೇವೆ.

ಇನ್ನು ಮುಂದೆ ಪೂರ್ತಿ ಪ್ಯಾಕೇಜ್ ತಗೊಳ್ಳಲ್ಲ. ವರ್ಷಕ್ಕೊಮ್ಮೆ, ಅದೇ ತಿಂಗಳಲ್ಲಿ ಫೋಟೊ ಮಾತ್ರ ತೆಗೆಸುತ್ತೇನೆ. ಉಳಿದ ದುಡ್ಡು ಸನ್‌ಸ್ಕ್ರೀನ್‌ಗೆ.