ಒಂದೇ ಸ್ಲೈಸ್‌ಗೆ ಎರಡು ಕಡೆ ರಿಪೇರಿ ಮಾಡಿಸಬೇಡಿ

ಹೊಸ ಗಾಲ್ಫ್ ಕ್ಲಬ್‌ಗಳಿಗೆ ಫಿಟ್ಟಿಂಗ್, ಅಂದರೆ ಹೊಡೆಯುವ ಕೋಲನ್ನು ನಿಮ್ಮ ಅಳತೆಗೆ ಹೊಂದಿಸುವ ಕೆಲಸ, ಮಾಡಿಸುವ ಯೋಚನೆ ಇದೆಯಾ? ಅದೇ ಹೊತ್ತಿಗೆ ಕೋಚ್ ಹತ್ತಿರ ಸ್ವಿಂಗ್ (ಕ್ಲಬ್ ಬೀಸುವ ರೀತಿ) ಕೂಡ ತಿದ್ದಿಸಿಕೊಳ್ಳುತ್ತಿದ್ದೀರಾ? ಹಾಗಿದ್ದರೆ ಎರಡರಲ್ಲಿ ಒಂದನ್ನು ಸದ್ಯಕ್ಕೆ ನಿಲ್ಲಿಸಿ. ಯಾವುದನ್ನು ಅಂತ ನೀವೇ ನೋಡಿಕೊಳ್ಳಿ, ಆದರೆ ಒಂದನ್ನು ನಿಲ್ಲಿಸಿ. ಯಾಕೆ ಅನ್ನುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಬಲಗೈ ಆಟಗಾರ. ಡ್ರೈವರ್‌ನಿಂದ, ಅಂದರೆ ಅತಿ ದೂರ ಹೊಡೆಯುವ ಕ್ಲಬ್‌ನಿಂದ, ಹೊಡೆದರೆ ಚೆಂಡು ಬಲಕ್ಕೆ ಬಾಗಿಕೊಂಡು ಹೋಗಿ ಮರಗಳ ಮಧ್ಯೆ ಸೇರುತ್ತಿತ್ತು. ಅದೇ, ಎಲ್ಲರಿಗೂ ಗೊತ್ತಿರುವ ಸ್ಲೈಸ್. ಕ್ಲಬ್ ಹೊರಗಿನಿಂದ ಒಳಕ್ಕೆ ಬೀಸಿ ಬರುತ್ತದೆ, ಅದರ ಮುಖ, ಅಂದರೆ ಚೆಂಡಿಗೆ ತಾಗುವ ಭಾಗ, ಆ ದಾರಿಗಿಂತ ಬಲಕ್ಕೆ ತೆರೆದಿರುತ್ತದೆ. ಚೆಂಡು ಯಾವ ಕಡೆ ಹೊರಡಬೇಕು ಅಂತ ಬಹುಪಾಲು ತೀರ್ಮಾನಿಸುವುದು ಮುಖ. ಆಮೇಲೆ ಎಷ್ಟು ಬಾಗುತ್ತದೆ ಅನ್ನುವುದು ಮುಖಕ್ಕೂ ದಾರಿಗೂ ಇರುವ ಅಂತರದ ಮೇಲೆ. ಚೆಂಡು ಮುಖದ ನಡುವಿಗೆ ತಾಗದೆ ಆ ತುದಿಗೋ ಈ ತುದಿಗೋ ತಾಗಿದರೆ ಡ್ರೈವರ್‌ನಲ್ಲಿ ಈ ಲೆಕ್ಕ ಸ್ವಲ್ಪ ತಪ್ಪುತ್ತದೆ, ಅದು ಬೇರೆ ಮಾತು.

ಕೋಚ್ ಮೊದಲು ನನ್ನ ಹಿಡಿತ ಬದಲಿಸಿದರು. ಎಡಗೈಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ ಹಿಡಿಯಬೇಕು, ಮೇಲಿನಿಂದ ನೋಡಿದರೆ ಇನ್ನೊಂದು ಗೆಣ್ಣು ಜಾಸ್ತಿ ಕಾಣಬೇಕು. ಮುಖ ಮುಚ್ಚಿಕೊಳ್ಳುವುದಕ್ಕೆ ಇದು ದಾರಿ. ಆಮೇಲೆ ಒಳಗಿನಿಂದ ಬೀಸುವ ಅಭ್ಯಾಸ. ಎರಡೂ ಸರಿಯಾದ ಪಾಠಗಳೇ. ಕೈಗೆ ಒಗ್ಗಲು ಸಮಯ ಬೇಕು ಅಂತಲೂ ಹೇಳಿದ್ದರು. ನಡುವೆ ಇಂಗ್ಲೆಂಡಿನ ಆಟಗಾರ ನಿಕ್ ಫಾಲ್ಡೊ ಕಥೆ ಬಂತು. ಎಂಬತ್ತರ ದಶಕದಲ್ಲಿ ಕೋಚ್ ಡೇವಿಡ್ ಲೆಡ್‌ಬೆಟರ್ ಜೊತೆ ಸ್ವಿಂಗ್ ಪೂರ್ತಿ ಕಳಚಿ ಕಟ್ಟಿಕೊಂಡು, 1987ರಲ್ಲಿ ಬ್ರಿಟಿಷ್ ಓಪನ್ ಗೆದ್ದರು. ನಿಜ. ಆದರೆ ಫಾಲ್ಡೊಗೆ ಅದೇ ಕೆಲಸ, ಇಡೀ ದಿನ ರೇಂಜ್‌ನಲ್ಲೇ (ಅಭ್ಯಾಸದ ಮೈದಾನದಲ್ಲೇ). ನಮ್ಮಂಥವರಿಗೆ ಈ ಉದಾಹರಣೆ ಯಾಕೆ ಕೊಡುತ್ತಾರೋ ಗೊತ್ತಿಲ್ಲ.

ಇದು ಅರ್ಧಕ್ಕೆ ಬಂದಿದ್ದಾಗ ಫಿಟ್ಟಿಂಗ್ ಆಯಿತು. ಅಲ್ಲಿದ್ದವರು ಕೇಳಬೇಕಾಗಿದ್ದ ಮೊದಲ ಪ್ರಶ್ನೆ, "ಸಾರ್, ಈಗ ಪಾಠ ಏನಾದರೂ ತಗೊಳ್ತಿದ್ದೀರಾ?" ಅನ್ನುವುದು. ಕೇಳಲಿಲ್ಲ. ನಾನಾಗಿಯೇ ಹೇಳಿದಾಗ "ಪರವಾಗಿಲ್ಲ ಸಾರ್, ಕ್ಲಬ್ ಸರಿಯಿದ್ದರೆ ಸ್ವಿಂಗ್ ತಾನಾಗಿ ಬರುತ್ತೆ" ಅಂದರು. ಈ ಮಾತು ಯಾರ ಬಾಯಲ್ಲಿ ಕೇಳಿದರೂ ಬ್ಯಾಗ್ ಎತ್ತಿಕೊಂಡು ಹೊರಟುಬಿಡಿ.

ಆ ಕೋಣೆಯಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲು ನನ್ನ ಹಳೆಯ ಕ್ಲಬ್‌ಗಳಿಂದ ಹೊಡೆಸಿದರು. ಮೈ ಬಿಸಿಯಾಗಿರಲಿಲ್ಲ, ಬೆನ್ನು ಇನ್ನೂ ಬಿಗಿ. ಆ ಅಂಕಿಗಳು "ನಿಮ್ಮ ಈಗಿನ ಮಟ್ಟ" ಅಂತ ಪರದೆಯ ಮೇಲೆ ನಿಂತವು. ಮೈ ಸಡಿಲವಾದ ಮೇಲೆ ಹೊಸ ಕ್ಲಬ್‌ಗಳು ಬಂದವು. ಸಹಜವಾಗಿಯೇ ವೇಗ ಜಾಸ್ತಿ ಬಂತು. ಇನ್ನೊಂದು ಕೈಚಳಕ ಲ್ಯಾಪ್‌ಟಾಪ್‌ನಲ್ಲಿ ನಡೆಯುತ್ತಿತ್ತು. ಹೊಸ ಕ್ಲಬ್‌ನಲ್ಲಿ ಕೆಟ್ಟ ಏಟು ಬಿದ್ದ ತಕ್ಷಣ "ಇದು ಲೆಕ್ಕಕ್ಕೆ ಬೇಡ ಸಾರ್, ನೀವು ಸರಿಯಾಗಿ ಹೊಡೆಯಲಿಲ್ಲ" ಅಂತ ಆ ಸಾಲು ಅಳಿಸಿಬಿಡುತ್ತಿದ್ದರು. ಹಳೆಯ ಕ್ಲಬ್‌ನ ಕೆಟ್ಟ ಏಟುಗಳು ಮಾತ್ರ ಹಾಗೇ ಇದ್ದವು. ಸರಾಸರಿ ಚೆನ್ನಾಗಿ ಕಾಣದೆ ಇನ್ನೇನು? ಏಟಿನ ವೇಗ, ದೂರ ಅಳೆಯುವ ಯಂತ್ರ, ಲಾಂಚ್ ಮಾನಿಟರ್, ಸುಳ್ಳು ಹೇಳುವುದಿಲ್ಲ. ಅದರ ಮುಂದೆ ಕೂತವರು ಯಾವ ಸಾಲು ಉಳಿಸಿದರು ಅಂತ ನೋಡಬೇಕು.

ಏಳನೇ ಐರನ್ ಬಹಳ ದೂರ ಹೋಯಿತು ಅಂತ ಎಲ್ಲರೂ ಖುಷಿ. ಅದರ ಹಿಂದಿನ ಲೆಕ್ಕ ಕೇಳಿ. ಲಾಫ್ಟ್ ಅಂದರೆ ಕ್ಲಬ್ ಮುಖ ಹಿಂದಕ್ಕೆ ವಾಲಿರುವ ಕೋನ. ಐರನ್‌ಗಳಲ್ಲಿ ಸಂಖ್ಯೆ ಇಳಿದ ಹಾಗೆ ಲಾಫ್ಟ್ ಕಮ್ಮಿ, ದೂರ ಜಾಸ್ತಿ. ನನ್ನ ಹಳೆಯ ಏಳನೇ ಐರನ್ 34 ಡಿಗ್ರಿ ಲಾಫ್ಟ್. ಹೊಸದು 29 ಡಿಗ್ರಿ, ಮೇಲೆ ಅರ್ಧ ಇಂಚು ಉದ್ದ. ಅಂದರೆ ಅದು ಹಳೆಯ ಸೆಟ್‌ನ ಆರಕ್ಕೂ ಐದಕ್ಕೂ ನಡುವಿನ ಕ್ಲಬ್, ತಳದಲ್ಲಿ 7 ಅಂತ ಕೆತ್ತಿದ್ದಾರೆ ಅಷ್ಟೇ. ಇದರ ಏಟು ಸೆಟ್‌ನ ಇನ್ನೊಂದು ತುದಿಯಲ್ಲಿ ಬೀಳುತ್ತದೆ. ಹೊಸ ಪಿಚಿಂಗ್ ವೆಡ್ಜ್ (ಹತ್ತಿರದ ಏಟಿನ ಕ್ಲಬ್) 43 ಡಿಗ್ರಿ, ನನ್ನ ಹತ್ತಿರ ಮೊದಲೇ ಇದ್ದ ವೆಡ್ಜ್ 52. ನಡುವೆ 9 ಡಿಗ್ರಿ ಖಾಲಿ. ಆ ಅಳತೆಯ ದೂರದಿಂದ ಗ್ರೀನ್‌ಗೆ (ಗುಳಿ ಇರುವ ಹುಲ್ಲುಹಾಸಿಗೆ) ಹೊಡೆಯಬೇಕಾದಾಗಲೆಲ್ಲ ಒಂದು ಕ್ಲಬ್ ಜಾಸ್ತಿ, ಇನ್ನೊಂದು ಕಮ್ಮಿ. ಇದನ್ನು ಅಲ್ಲಿ ಯಾರೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಇನ್ನೊಂದು ವೆಡ್ಜ್ ಮಾರಬಹುದಿತ್ತು, ಅದೂ ಹೊಳೆಯಲಿಲ್ಲ ಪಾಪ.

ಇನ್ನು ಮುಖ್ಯ ವಿಷಯ. ಸ್ಲೈಸ್ ಕಂಡು ಅವರು ಮಾಡಿದ್ದೇನು? ಡ್ರೈವರ್‌ನಲ್ಲಿ ತೂಕವನ್ನು ಹೀಲ್ ಕಡೆ, ಅಂದರೆ ತಲೆಯಲ್ಲಿ ಶಾಫ್ಟ್ (ಉದ್ದ ಕೋಲು) ಸೇರುವ ತುದಿಯ ಕಡೆ, ಸರಿಸಿದರು. ಶಾಫ್ಟ್ ತಲೆಗೆ ಸೇರುವಲ್ಲಿರುವ ಸ್ಲೀವ್ ತಿರುಗಿಸಿ ಲಾಫ್ಟ್ ಹೆಚ್ಚಿಸಿದರು. ಐರನ್‌ಗಳ ಲೈ, ಅಂದರೆ ಶಾಫ್ಟ್ ನೆಲದಿಂದ ಎದ್ದು ನಿಲ್ಲುವ ಕೋನ, ಎರಡು ಡಿಗ್ರಿ ಅಪ್‌ರೈಟ್ (ಇನ್ನಷ್ಟು ನೆಟ್ಟಗೆ). ಶಾಫ್ಟ್ ಹಗುರ, ಮೆದು. ಇವೆಲ್ಲವೂ ಚೆಂಡನ್ನು ಎಡಕ್ಕೆ ಎಳೆಯುವ ಉಪಾಯಗಳು. ಆ ದಿನದ ನನ್ನ ಅರೆಬೆಂದ ಸ್ವಿಂಗ್‌ಗೆ ಇವು ಸರಿಹೋದವು, ಪರದೆಯ ಮೇಲೆ ಚೆಂಡು ನೇರ ಹೋಯಿತು. ಆದರೆ ಕೋಚ್ ಕೂಡ ಚೆಂಡನ್ನು ಎಡಕ್ಕೆ ತರುವ ಕೆಲಸವನ್ನೇ ಮಾಡುತ್ತಿದ್ದರಲ್ವಾ? ಒಂದೇ ಜ್ವರಕ್ಕೆ ಇಬ್ಬರು ಡಾಕ್ಟರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಮಾತ್ರೆ ಕೊಟ್ಟ ಹಾಗಾಯಿತು.

ಹೊಸ ಹಿಡಿತ ಕೈಗೆ ಒಗ್ಗುತ್ತಾ ಬಂದ ಹಾಗೆ ಹುಕ್ ಶುರುವಾಯಿತು. ಸಣ್ಣಪುಟ್ಟದ್ದಲ್ಲ. ಚೆಂಡು ಎಡಕ್ಕೇ ಹೊರಟು ಇನ್ನೂ ಎಡಕ್ಕೆ ಧುಮುಕುತ್ತಿತ್ತು. ಸ್ಲೈಸ್ ಕೊನೆಗೆ ಎಲ್ಲೋ ಮೆತ್ತಗೆ ಬಿದ್ದು ನಿಲ್ಲುತ್ತದೆ, ಹುಕ್ ನೆಲಕ್ಕೆ ಬಿದ್ದ ಮೇಲೂ ಓಡುತ್ತದೆ. ಕೋಚ್ ನೋಡಿ "ಹಿಡಿತ ಜಾಸ್ತಿ ತಿರುಗಿದೆ" ಅಂತ ವಾಪಸ್ ತಂದರು. ಫಿಟ್ಟಿಂಗ್‌ನವರು ನೋಡಿ "ಶಾಫ್ಟ್ ಗಟ್ಟಿ ಬೇಕು" ಅಂದರು. ಅಂದರೆ ಈಗ ಇಬ್ಬರೂ ಸೇರಿ ಬಲಕ್ಕೆ ತಳ್ಳುತ್ತಿದ್ದರು. ಮುಂದೇನಾಯಿತು ಅಂತ ಬಿಡಿಸಿ ಹೇಳಬೇಕಿಲ್ಲ. ಒಂದು ಹಂತದಲ್ಲಿ ಟೀ ಮೇಲೆ (ಮೊದಲ ಏಟಿನ ಜಾಗದಲ್ಲಿ) ನಿಂತಾಗ ಚೆಂಡು ಯಾವ ಕಡೆ ಹೋಗುತ್ತದೆ ಅಂತ ಊಹಿಸುವುದೇ ಬಿಟ್ಟಿದ್ದೆ. ಒಂದೇ ಕಡೆ ತಪ್ಪಿದರೆ ಆ ಕಡೆ ಜಾಗ ಬಿಟ್ಟು ಗುರಿ ಇಡಬಹುದು. ಎರಡೂ ಕಡೆ ತಪ್ಪಿದರೆ ಎಲ್ಲಿ ಗುರಿ ಇಡುತ್ತೀರಿ?

ಡ್ರೈವರ್‌ನ ಆ ತಿರುಗಿಸುವ ಸ್ಲೀವ್ ಬಗ್ಗೆ ಒಂದು ಮಾತು. ಅದರ ಮೇಲೆ ಲಾಫ್ಟ್ ಅಂಕಿ ಮಾತ್ರ ಬರೆದಿರುತ್ತಾರೆ, ಹಾಗಾಗಿ ಲಾಫ್ಟ್ ಮಾತ್ರ ಬದಲಾಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಲಾಫ್ಟ್ ಹೆಚ್ಚಿಸಿ ಕ್ಲಬ್ಬನ್ನು ನೆಲದ ಮೇಲೆ ಇಟ್ಟು ನೋಡಿ, ಮುಖ ಎಡಕ್ಕೆ ಮುಚ್ಚಿಕೊಂಡಿರುತ್ತದೆ. ಇಳಿಸಿ ನೋಡಿ, ಬಲಕ್ಕೆ ತೆರೆದುಕೊಳ್ಳುತ್ತದೆ. ಎತ್ತರ ಬೇಕು ಅಂತ ತಿರುಗಿಸಿದವರು ದಿಕ್ಕನ್ನೂ ತಿರುಗಿಸಿರುತ್ತಾರೆ.

ಲೈ ಹೆಚ್ಚುಕಮ್ಮಿ ಆಗಿರುವುದನ್ನು ನಾನು ಕಂಡುಕೊಂಡದ್ದು ಒಂದು ಮಾರ್ಕರ್ ಪೆನ್ನಿನಿಂದ. ಚೆಂಡಿನ ಮೇಲೆ ದಪ್ಪಗೆ ಒಂದು ಗೆರೆ ಎಳೆಯಿರಿ. ಗೆರೆ ಕ್ಲಬ್ ಮುಖದ ಕಡೆ, ನೆಟ್ಟಗೆ ನಿಲ್ಲುವ ಹಾಗೆ ಇಟ್ಟು ಹೊಡೆಯಿರಿ. ಮುಖದ ಮೇಲೆ ಶಾಯಿಯ ಗುರುತು ಬೀಳುತ್ತದೆ. ಅದು ನೆಟ್ಟಗಿದ್ದರೆ ಲೈ ಸರಿ. ಮೇಲ್ತುದಿ ಟೋ ಕಡೆ (ಹೀಲ್‌ಗೆ ಎದುರಿನ ತುದಿಗೆ) ವಾಲಿದ್ದರೆ ಕ್ಲಬ್ ನಿಮಗೆ ತೀರಾ ಅಪ್‌ರೈಟ್, ಹೀಲ್ ಕಡೆ ವಾಲಿದ್ದರೆ ತೀರಾ ಫ್ಲಾಟ್. ನನ್ನ ಒಂಬತ್ತನೇ ಐರನ್ ಮೇಲೆ ಆ ನೀಲಿ ಗೆರೆ ಟೋ ಕಡೆಗೆ ಎಷ್ಟು ವಾಲಿತ್ತೆಂದರೆ, ಮೊದಲ ಸಲ ಚೆಂಡನ್ನೇ ವಾರೆಯಾಗಿ ಇಟ್ಟೆನೇನೋ ಅಂದುಕೊಂಡು ಮತ್ತೆ ಇಟ್ಟು ಹೊಡೆದೆ. ಅದೇ ಗುರುತು. ಲಾಫ್ಟ್ ಜಾಸ್ತಿ ಇರುವ ಕ್ಲಬ್‌ಗಳಲ್ಲಿ ಲೈ ತಪ್ಪಿದರೆ ದಿಕ್ಕು ಇನ್ನೂ ಜಾಸ್ತಿ ತಪ್ಪುತ್ತದೆ. ವೆಡ್ಜ್‌ಗಳು ಯಾಕೆ ಎಡಕ್ಕೆ ಹೋಗುತ್ತಿದ್ದವು ಅನ್ನುವುದು ಆಗ ಅರ್ಥವಾಯಿತು.

ಆ ಗುರುತಿನ ಫೋಟೋ ತೆಗೆದು ಫಿಟ್ಟಿಂಗ್‌ನವರಿಗೆ ತೋರಿಸಿ ಲೈ ವಾಪಸ್ ಬಗ್ಗಿಸಿಕೊಡಿ ಅಂದೆ. ಮೆದು ಕಾರ್ಬನ್ ಸ್ಟೀಲ್‌ನ ಫೋರ್ಜ್ಡ್ ಐರನ್ ಸುಲಭವಾಗಿ ಬಗ್ಗುತ್ತದೆ. ನನ್ನವು ಎರಕದವು, ಗಟ್ಟಿ ಸ್ಟೇನ್‌ಲೆಸ್ ಸ್ಟೀಲ್. ಅಂಥವನ್ನು ಒಂದು ಸಲ ಈ ಕಡೆ, ಇನ್ನೊಂದು ಸಲ ಆ ಕಡೆ ಬಗ್ಗಿಸಿದರೆ ಏನಾಗಬಹುದೋ ಅದೇ ಆಯಿತು. ಒಂದು ಐರನ್‌ನ ಕತ್ತಿನಲ್ಲಿ, ಶಾಫ್ಟ್ ಸೇರುವ ಜಾಗಕ್ಕೆ ಸ್ವಲ್ಪ ಕೆಳಗೆ, ಕೂದಲೆಳೆಯಷ್ಟು ಬಿರುಕು. "ಇದು ನೀವು ನೆಲಕ್ಕೆ ಹೊಡೆದದ್ದರಿಂದ ಸಾರ್" ಅಂದರು. ಒಳಗೆ ಕೊಡುವಾಗ ಬಿರುಕಿರಲಿಲ್ಲ ಅಂತ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ವಾಪಸ್ ತಗೊಳ್ಳಿ ಅಂದರೆ, ಅಳತೆಗೆ ಮಾಡಿಸಿದ ಸೆಟ್‌ಗೆ ವಾಪಸಾತಿ ಇಲ್ಲ. ಹಳೆಯ ಸೆಟ್ ಕೊಡಿ ಅಂದರೆ, ಬದಲಿಗೆ ತಗೊಂಡದ್ದು ಮಾರಿಯಾಗಿದೆ. ಹೋಗಲಿ, ಅದರ ಅಳತೆಗಳಾದರೂ ಇದೆಯಾ ಅಂದರೆ, ಬರೆದಿಟ್ಟಿರಲಿಲ್ಲ. ಲಾಫ್ಟ್ ಒಂದನ್ನು ಬಿಟ್ಟು ಲೈ, ಉದ್ದ, ಸ್ವಿಂಗ್ ವೇಯ್ಟ್ (ಬೀಸುವಾಗ ತಲೆ ಎಷ್ಟು ಭಾರ ಅನ್ನಿಸುತ್ತದೆ ಅನ್ನುವ ಅಳತೆ) ಎಲ್ಲ ಗಾಳಿಗೆ ಹೋಯಿತು.

ಡ್ರೈವರ್ ಶಾಫ್ಟ್‌ನದ್ದೂ ಇದೇ ಕಥೆ. ಹತೋಟಿ ಬರುತ್ತದೆ ಅಂತ ಹಿಡಿಯ ಕಡೆಯಿಂದ ಅರ್ಧ ಇಂಚು ಕತ್ತರಿಸಿದರು. ಅರ್ಧ ಇಂಚು ಕಡಿದರೆ ಸ್ವಿಂಗ್ ವೇಯ್ಟ್ ಸುಮಾರು 3 ಪಾಯಿಂಟ್ ಇಳಿಯುತ್ತದೆ, ತಲೆ ಎಲ್ಲಿದೆ ಅಂತಲೇ ಕೈಗೆ ಗೊತ್ತಾಗುವುದಿಲ್ಲ. ಅದನ್ನು ಸರಿದೂಗಿಸಲು ತಲೆಗೆ ಸೀಸದ ಪಟ್ಟಿ. ತಲೆಯಲ್ಲಿ ಸುಮಾರು 2 ಗ್ರಾಮ್‌ಗೆ 1 ಪಾಯಿಂಟ್. ಆ ಪಟ್ಟಿಯನ್ನೂ ಹೀಲ್ ಕಡೆಗೇ ಅಂಟಿಸಿದ್ದರು! ಹುಕ್ ಬರುತ್ತದೆ ಅಂತ ಹೋದವನಿಗೆ ಹುಕ್‌ಗೆ ಇನ್ನಷ್ಟು ತೂಕ. ಇದನ್ನು ನೋಡಿ ನಗು ಬಂತು, ನಿಜವಾಗಿ.

ಇಷ್ಟರ ನಡುವೆ ಎಲ್ಲವೂ ಹೊಂದಿಕೊಳ್ಳಲಿ ಅಂತ ರೇಂಜ್‌ನ ಕೃತಕ ಹುಲ್ಲಿನ ಮ್ಯಾಟ್ ಮೇಲೆ ಬಕೆಟ್‌ಗಟ್ಟಲೆ ಚೆಂಡು ಹೊಡೆದೆ. ಮ್ಯಾಟ್ ಎರಡು ಥರ ಮೋಸ ಮಾಡುತ್ತದೆ. ಚೆಂಡಿಗಿಂತ ಮೊದಲು ನೆಲಕ್ಕೆ ತಾಗಿದರೂ ಕ್ಲಬ್ ಜಾರಿಕೊಂಡು ಹೋಗಿ ಚೆಂಡು ಪರವಾಗಿಲ್ಲ ಅನ್ನುವ ಹಾಗೆ ಹಾರುತ್ತದೆ. ಹುಲ್ಲಿನ ಮೇಲೆ ಅದೇ ಏಟು ಮಣ್ಣು ಕಿತ್ತು ಅಲ್ಲೇ ನಿಲ್ಲುತ್ತಿತ್ತು. ಇನ್ನೊಂದು, ಕೆಳಗಿನ ಗಟ್ಟಿ ನೆಲದ ಅದುರು ನೇರ ಕೈಗೆ ಬರುತ್ತದೆ. ಮೊಣಕೈ ಒಳಗಡೆ ನೋವು ಶುರುವಾಯಿತು, ಬಾಗಿಲ ಹಿಡಿ ತಿರುಗಿಸಿದರೂ ಚುಳುಕ್ ಅನ್ನುತ್ತಿತ್ತು. ಗಾಲ್ಫರ್ಸ್ ಎಲ್ಬೋ ಅಂದರು ಡಾಕ್ಟರು. ಮಾಂಸಖಂಡವನ್ನು ಮೂಳೆಗೆ ಕಟ್ಟುವ ನರದಂಥ ಪಟ್ಟಿಗೆ ಪೆಟ್ಟು. ವಿಶ್ರಾಂತಿ ಬಿಟ್ಟರೆ ಬೇರೆ ಅವಸರದ ಮದ್ದಿಲ್ಲ. ಮಣಿಕಟ್ಟಿನಲ್ಲಿ, ಅಂಗೈಯ ಕಿರುಬೆರಳಿನ ಕಡೆ ಬುಡದಲ್ಲಿ ನೋವು ಬಂದರಂತೂ ಸುಮ್ನೆ ಕೂರಬೇಡಿ. ಹಿಡಿಯ ತುದಿ ಒತ್ತಿ ಅಲ್ಲಿನ ಸಣ್ಣ ಮೂಳೆ ಮುರಿಯುವುದು ಗಾಲ್ಫ್ ಆಡುವವರಲ್ಲಿ ಇದೆ.

ಸ್ಪರ್ಧೆಯ ಮಧ್ಯೆ ಇನ್ನೊಂದು ಗಂಡಾಂತರ ತಪ್ಪಿತು. ಮೊದಲ ಒಂಬತ್ತು ಹೋಲ್‌ಗಳಲ್ಲಿ ಹುಕ್ ಮೇಲೆ ಹುಕ್ ಬೀಳುತ್ತಿದ್ದುದನ್ನು ನೋಡಿ ಜೊತೆಗಾರರೊಬ್ಬರು ಬ್ಯಾಗ್‌ನಿಂದ ಡ್ರೈವರ್ ಹೊಂದಿಸುವ ಕೀ ತೆಗೆದು "ಒಂದು ಸುತ್ತು ತಿರುಗಿಸಿಬಿಡಿ" ಅಂದರು. ಇನ್ನೊಬ್ಬರು ತಡೆದರು. ಗಾಲ್ಫ್ ನಿಯಮ 4.1 ಪ್ರಕಾರ ಆಟ ಶುರುವಾದ ಮೇಲೆ ಬೇಕಂತಲೇ ಹೊಂದಿಕೆ ಬದಲಿಸಿದ ಕ್ಲಬ್‌ನಿಂದ ಒಂದು ಏಟು ಹೊಡೆದರೂ ಸ್ಪರ್ಧೆಯಿಂದ ಹೊರಗೆ. ಸೀಸದ ಪಟ್ಟಿಯನ್ನು ಆಟಕ್ಕೆ ಮೊದಲು ಅಂಟಿಸಬಹುದು, ನಡುವೆ ಜಾಗ ಬದಲಿಸುವ ಹಾಗಿಲ್ಲ. ಪ್ರಯೋಗಕ್ಕೆ ಅಂತ ಹಾಕಿಕೊಂಡ ಎರಡನೇ ಡ್ರೈವರ್ ಬ್ಯಾಗ್‌ನಲ್ಲೇ ಉಳಿದು ಕ್ಲಬ್‌ಗಳು 14 ದಾಟಿದರೆ ತಪ್ಪಾದ ಪ್ರತಿ ಹೋಲ್‌ಗೆ 2 ಏಟು, ಸ್ಟ್ರೋಕ್ ಪ್ಲೇನಲ್ಲಿ (ಒಟ್ಟು ಏಟು ಎಣಿಸುವ ಆಟದಲ್ಲಿ) ಒಟ್ಟು 4ರವರೆಗೆ ದಂಡ.

ದೊಡ್ಡ ಆಟಗಾರರಿಗೂ ಇದು ತಪ್ಪಿದ್ದಲ್ಲ. 2020ರಲ್ಲಿ ಬ್ರೈಸನ್ ಡಿಶಾಂಬೊ ದೂರ ಹೊಡೆದು ಹೊಡೆದೇ ಯು.ಎಸ್. ಓಪನ್ ಗೆದ್ದ ಮೇಲೆ ರೋರಿ ಮೆಕಿಲ್‌ರಾಯ್ ಕೂಡ ವೇಗದ ಹಿಂದೆ ಬಿದ್ದರು. 2021ರ ಪ್ಲೇಯರ್ಸ್ ಚಾಂಪಿಯನ್‌ಶಿಪ್‌ನಲ್ಲಿ ಕಟ್ ತಪ್ಪಿ ಅರ್ಧಕ್ಕೇ ಹೊರಬಿದ್ದಾಗ, ಆ ಬೆನ್ನಟ್ಟುವಿಕೆಯೇ ಸ್ವಿಂಗ್ ಕೆಡಿಸಿತು ಅಂತ ಅವರೇ ಒಪ್ಪಿಕೊಂಡರು. ಅವರ ಸುತ್ತ ಕೋಚು, ಯಂತ್ರ, ಬೇಕಾದಷ್ಟು ಕ್ಲಬ್ಬು ಎಲ್ಲ ಇತ್ತು.

ಪ್ರಯೋಗವೇ ಬೇಡ ಅನ್ನುತ್ತಿಲ್ಲ. ಆದರೆ ಪಾಠ ನಡೆಯುತ್ತಿದ್ದರೆ, ಹೊಸ ಸ್ವಿಂಗ್ ಒಂದು ನೆಲೆಗೆ ಬಂದಿದೆ ಅಂತ ಕೋಚ್ ಹೇಳುವವರೆಗೆ ಕ್ಲಬ್ ಮುಟ್ಟಬೇಡಿ. ಫಿಟ್ಟಿಂಗ್‌ಗೆ ಹೋದಾಗ ಕೋಚ್ ಜೊತೆ ಫೋನಲ್ಲಾದರೂ ಮಾತಾಡಿಸಿ. ಮೈ ಬಿಸಿ ಮಾಡಿಕೊಂಡೇ ಹೋಗಿ, ಹಳೆಯದನ್ನು ಮೊದಲೂ ಕೊನೆಗೂ ಹೊಡೆಯಿರಿ, ಒಂದು ಸಾಲನ್ನೂ ಅಳಿಸಲು ಬಿಡಬೇಡಿ. ಹೊಸ ಕ್ಲಬ್ ಎಷ್ಟು ದೂರ ಹೋಯಿತು ಅನ್ನುವುದಕ್ಕಿಂತ ಅದರ ಲಾಫ್ಟ್ ಎಷ್ಟು ಅಂತ ಮೊದಲು ಕೇಳಿ.

ಹಳೆಯ ಸೆಟ್ ಕೈಬಿಡುವ ಮುಂಚೆ ಪ್ರತಿ ಕ್ಲಬ್‌ನ ಲಾಫ್ಟ್, ಲೈ, ಉದ್ದ, ಸ್ವಿಂಗ್ ವೇಯ್ಟ್, ಶಾಫ್ಟ್ ಹೆಸರು, ಗ್ರಿಪ್ ಅಳತೆ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಸಾಧ್ಯವಾದರೆ ಹೊಸದರಲ್ಲಿ ಆಡಿ ಅಭ್ಯಾಸವಾಗುವವರೆಗೆ ಹಳೆಯದನ್ನು ಕೊಡಲೇಬೇಡಿ. ತಿರುಪಿನಿಂದ ಆಗುವುದನ್ನೆಲ್ಲ ಮೊದಲು ಮಾಡಿಸಿ ನೋಡಿ. ಕತ್ತರಿಸುವುದು, ಬಗ್ಗಿಸುವುದು ಕೊನೆಗೆ, ಅದೂ ಕತ್ತಿನ ಫೋಟೋ ತೆಗೆದಿಟ್ಟುಕೊಂಡ ಮೇಲೆ, ಹಾಳಾದರೆ ಯಾರ ಹೊಣೆ ಅಂತ ಬರೆಸಿಕೊಂಡ ಮೇಲೆ.