ಅಸಿಟ್ರೋಮ್ ಮಾತ್ರೆ: ಹೊಸವು ಬಂದರೂ ಇದರ ಜಾಗ ಇದಕ್ಕೇ

ಮನೆಮಂದಿಯೆಲ್ಲ ‘ರಕ್ತ ತೆಳು ಮಾಡುವ ಮಾತ್ರೆ’ ಎನ್ನುವ ಅಸಿಟ್ರೋಮ್‌ನಲ್ಲಿರುವ ಔಷಧ ನಿಕುಮಲೋನ್. ಇದು ರಕ್ತವನ್ನು ನೀರು ಮಾಡುವುದಿಲ್ಲ. ಯಕೃತ್ತು ವಿಟಮಿನ್ ಕೆ ಬಳಸಿ ತಯಾರಿಸುವ ಹೆಪ್ಪುಗಟ್ಟಿಸುವ ಅಂಶಗಳನ್ನು (2, 7, 9, 10) ತಗ್ಗಿಸುತ್ತದೆ. ರಕ್ತದಲ್ಲಿ ಮೊದಲೇ ಇರುವ ಅಂಶಗಳು ಖರ್ಚಾಗುವ ತನಕ ಅದರ ಪೂರ್ತಿ ಗುಣ ಕಾಣದು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರಿಗೆ ಕನಿಷ್ಠ 5 ದಿನ, ಬೇಗ ಕೆಲಸ ಮಾಡುವ ಹೆಪಾರಿನ್ ಜಾತಿಯ ಇಂಜೆಕ್ಷನ್ನನ್ನೂ ಜೊತೆಗೇ ಕೊಡುವುದು ಇದೇ ಕಾರಣಕ್ಕೆ. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ರಕ್ತಪರೀಕ್ಷೆಯ ಅಂಕಿ) 2ಕ್ಕೆ ಏರಿ ಒಂದು ದಿನವಾದರೂ ಅಲ್ಲೇ ನಿಲ್ಲುವ ಮುಂಚೆ ಇಂಜೆಕ್ಷನ್ ಬಿಡಬಾರದು.

ಹೆಪ್ಪು ತಡೆಯುವ ಹೊಸ ಮಾತ್ರೆಗಳಾದ ರಿವರಾಕ್ಸಬಾನ್, ಅಪಿಕ್ಸಬಾನ್ ಬಂದಮೇಲೆ ಇದು ಯಾಕೆ ಬೇಕು? ಕಾಲಿನ ಹೆಪ್ಪಿಗೆ ಹೆಚ್ಚಿನವರಿಗೆ ಅವೇ ಸಲೀಸು, ಪದೇಪದೇ ರಕ್ತ ಕೊಡುವ ಕೆಲಸವಿಲ್ಲ. ಆದರೆ ಹೃದಯಕ್ಕೆ ಲೋಹದ ವಾಲ್ವ್ (ಕವಾಟ) ಹಾಕಿಸಿಕೊಂಡವರಿಗೆ ಅವು ಆಗಿಬರುವುದಿಲ್ಲ. ಅಂಥವರಿಗೆ ಇದೇ ಹೊಸ ಗುಂಪಿನ ಡಬಿಗಟ್ರಾನ್ ಕೊಟ್ಟು ನೋಡಿದ ಅಧ್ಯಯನದಲ್ಲಿ ಹೆಪ್ಪೂ ಹೆಚ್ಚಾಯಿತು, ರಕ್ತಸ್ರಾವವೂ ಹೆಚ್ಚಾಯಿತು. ಲೋಹದ ವಾಲ್ವ್‌ಗೆ ಉಳಿದಿರುವುದು ನಿಕುಮಲೋನ್, ಇಲ್ಲವೇ ವಾರ್ಫರಿನ್.

ಇವೆರಡರಲ್ಲಿ ನಿಕುಮಲೋನ್ ಬೇಗ ಇಳಿಯುತ್ತದೆ. ಅದರ ಅರ್ಧಾಯುಷ್ಯ (ರಕ್ತದಲ್ಲಿ ಔಷಧ ಅರ್ಧಕ್ಕಿಳಿಯುವ ಹೊತ್ತು) ಸುಮಾರು 8ರಿಂದ 11 ಗಂಟೆ, ವಾರ್ಫರಿನ್‌ದು 40 ಗಂಟೆಯ ಆಸುಪಾಸು. ಆಪರೇಷನ್ನಿಗೆ ಮುಂಚೆ ವಾರ್ಫರಿನ್ 5 ದಿನ ನಿಲ್ಲಿಸಬೇಕಾದರೆ ಇದನ್ನು 2–3 ದಿನ ನಿಲ್ಲಿಸಿದರೆ ಸಾಕಾಗುತ್ತದೆ. ಆದರೆ ಆ ಗುಣವೇ ಮರೆಗುಳಿಗಳಿಗೆ ಅಪಾಯ: ಒಂದೆರಡು ದಿನ ತಪ್ಪಿದರೂ ಐಎನ್‌ಆರ್ ಕುಸಿಯುತ್ತದೆ, ವಾಲ್ವ್ ಮೇಲೆ ಹೆಪ್ಪು ಕೂರಲು ದಾರಿಯಾಗುತ್ತದೆ. ಮರೆತದ್ದು ಅದೇ ದಿನ ನೆನಪಾದರೆ ನುಂಗಿ. ಮರುದಿನ ನೆನಪಾದರೆ ಎರಡು ಸೇರಿಸಿ ನುಂಗಬೇಡಿ. ಸಂಜೆ ಹೊತ್ತು ಒಂದೇ ಗಂಟೆಗೆ ತೆಗೆದುಕೊಳ್ಳುವ ರೂಢಿ ಒಳ್ಳೆಯದು, ಬೆಳಿಗ್ಗೆಯ ರಿಪೋರ್ಟ್ ನೋಡಿ ಡಾಕ್ಟರು ಅವತ್ತಿನ ಡೋಸನ್ನೇ ಬದಲಿಸಬಹುದು.

ದೊಡ್ಡ ತೊಡಕು ಸ್ಟ್ರಿಪ್‌ನದು. 1, 2, 3, 4 ಎಂಜಿ ಬೇರೆಬೇರೆ ಸ್ಟ್ರಿಪ್ ಬರುತ್ತವೆ. ‘ಒಂದು ದಿನ 2, ಮರುದಿನ 3’ ಎಂಬ ಚೀಟಿ ಮಾಮೂಲು. ಮೆಡಿಕಲ್ ಶಾಪಿನವರು ಕತ್ತರಿಯಲ್ಲಿ ಸ್ಟ್ರಿಪ್ ತುಂಡರಿಸಿ ಕೊಟ್ಟರೆ ‘ಎಂಜಿ’ ಅಚ್ಚಾದ ಮೂಲೆ ಅಂಗಡಿಯಲ್ಲೇ ಉಳಿಯುತ್ತದೆ, ಮನೆಯಲ್ಲಿ 2 ಯಾವುದು 3 ಯಾವುದು ತಿಳಿಯದು. ಇಡೀ ಸ್ಟ್ರಿಪ್ಪೇ ಕೇಳಿ. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಖಿನ ಮೇಲೆ ಎಂಜಿ ಬರೆದಿಟ್ಟು, ನುಂಗಿದ ಮೇಲೆ ಗೀಟು ಹಾಕಿ.

ಐಎನ್‌ಆರ್ ಸಾಮಾನ್ಯವಾಗಿ 2–3, ಮೈಟ್ರಲ್ ಜಾಗದ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ) ಲೋಹದ ವಾಲ್ವ್‌ಗೆ 2.5–3.5 ಇರಬೇಕು. ಲ್ಯಾಬಿನ ನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಗೆರೆಯವರೆಗೆ ತುಂಬಿತೇ ನೋಡಿ. 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್ (ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ) ಲೆಕ್ಕ. ರಕ್ತ ಕಮ್ಮಿ ಬಿದ್ದರೆ ಸಿಟ್ರೇಟ್ ಮಿತಿಮೀರಿ ಐಎನ್‌ಆರ್ ಇಲ್ಲದಷ್ಟು ಮೇಲೆ ತೋರಿಸುತ್ತದೆ, ಅದನ್ನು ನಂಬಿ ಡೋಸ್ ಇಳಿಸಿಬಿಟ್ಟರೆ ಅನಾಹುತ.

ಸೊಪ್ಪು ಬಿಡಬೇಕೆಂಬ ಮಾತು ತಪ್ಪು. ವಾರಕ್ಕೆ ಎರಡು ಸಲ ಮಸ್ಸೊಪ್ಪು ಉಣ್ಣುವವರು ಹಾಗೇ ಉಣ್ಣಲಿ. ಒಮ್ಮೆಲೆ ದಿನವೂ ನುಗ್ಗೆಸೊಪ್ಪು ಶುರುಮಾಡಿದರೆ ಐಎನ್‌ಆರ್ ಇಳಿಯುತ್ತದೆ, ಪೂರ್ತಿ ಬಿಟ್ಟರೆ ಏರುತ್ತದೆ. ಭೇದಿಗೆಂದು ಮೆಟ್ರೋನಿಡಜೋಲ್, ಹುಳುಕಡ್ಡಿಗೆ ಫ್ಲುಕೊನಜೋಲ್, ಬಾಯಿಯ ಫಂಗಸ್ ಸೋಂಕಿಗೆ ಮೈಕೊನಜೋಲ್ ಜೆಲ್ ಕೂಡ ಐಎನ್‌ಆರ್ ಏರಿಸುತ್ತವೆ. ಟಿಬಿಯ ರಿಫಾಂಪಿಸಿನ್ ಇಳಿಸುತ್ತದೆ. ಮಂಡಿನೋವಿಗೆ ಚೀಟಿಯಿಲ್ಲದೆ ಡೈಕ್ಲೋಫೆನಾಕ್ ನುಂಗಿದರೆ ಹೊಟ್ಟೆಯೊಳಗೆ ರಕ್ತ ಸೋರಬಹುದು. ಮಲ ಡಾಂಬರಿನಂತೆ ಕಪ್ಪಾದರೆ, ತಲೆಗೆ ಪೆಟ್ಟು ಬಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ, ಹೋಗುವಾಗ ಸ್ಟ್ರಿಪ್ ಕೈಯಲ್ಲಿರಲಿ.

ಗರ್ಭಿಣಿಯರ ವಿಚಾರದಲ್ಲಿ ಮಾತ್ರ ಸ್ವಲ್ಪವೂ ಸಡಿಲ ಬಿಡುವ ಹಾಗಿಲ್ಲ. 6ರಿಂದ 12ನೇ ವಾರದೊಳಗೆ ಈ ಮಾತ್ರೆ ಮಗುವಿನ ಮೂಗು, ಮೂಳೆಯ ಬೆಳವಣಿಗೆ ಕೆಡಿಸಬಲ್ಲದು. ಮುಟ್ಟು ತಪ್ಪಿದ ವಾರವೇ ಹೃದಯದ ಡಾಕ್ಟರಿಗೆ ತಿಳಿಸಬೇಕು. ಮಾತ್ರೆಯನ್ನು ತಾವಾಗಿ ನಿಲ್ಲಿಸಲೂಬಾರದು, ವಾಲ್ವ್ ಹೆಪ್ಪುಗಟ್ಟಿದರೆ ತಾಯಿಯ ಜೀವಕ್ಕೇ ಕುತ್ತು.