ಹೂವಿನ ಸುತ್ತುಗಳ ವಿಜ್ಞಾನಿಯನ್ನು ಟೇರ್‌ನಲ್ಲಿ ಓದುವುದು

ಸಸ್ಯಗಳ ಅಣು ಜೀವವಿಜ್ಞಾನದಲ್ಲಿ ದುಡಿದವರ ಯೋಗ್ಯತೆ ಅಳೆಯಬೇಕೆಂದರೆ ಎಲ್ಲರೂ ಮೊದಲು ನೋಡುವುದು ಅವರ ಪ್ರಬಂಧಗಳನ್ನು ಎಷ್ಟು ಮಂದಿ ಉಲ್ಲೇಖಿಸಿದ್ದಾರೆ ಎಂಬ ಎಣಿಕೆಯನ್ನು. ಆ ಎಣಿಕೆ ಗಾತ್ರವನ್ನು ಹೇಳುತ್ತದೆಯೇ ಹೊರತು ಕೆಲಸ ಎಂಥದ್ದೆಂದು ಹೇಳುವುದಿಲ್ಲ. ಅದನ್ನು ತಿಳಿಯಲು ನಾನು ಬಳಸುವುದು ಟೇರ್ ಎಂಬ ದತ್ತಕೋಶವನ್ನು. ಸಾಸಿವೆಯ ಕುಟುಂಬಕ್ಕೆ ಸೇರಿದ, ಗೇಣುದ್ದದ ಕಳೆ ಅರಾಬಿಡಾಪ್ಸಿಸ್‌ನ ಜೀನ್‌ಗಳ ಬಗ್ಗೆ ತಿಳಿದುಬಂದದ್ದನ್ನೆಲ್ಲ ಜೋಡಿಸಿಡುವ ಈ ಸೇವೆ 1999ರಲ್ಲಿ ಆರಂಭವಾಯಿತು. ವಿಜ್ಞಾನಿಗಳನ್ನು ಪರಿಚಯಿಸುವುದು ಅದರ ಉದ್ದೇಶವಲ್ಲ. ಆದರೂ ಅಮೆರಿಕದ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯ (ಕ್ಯಾಲ್ಟೆಕ್) ಸಸ್ಯವಿಜ್ಞಾನಿ ಎಲಿಯಟ್ ಮೆಯೆರೊವಿಟ್ಜ್ ಅವರ ವೃತ್ತಿಜೀವನ ನನಗೆ ಸರಿಯಾಗಿ ಅರ್ಥವಾದದ್ದು ಇಲ್ಲಿಯೇ.

ಹುಡುಕುವ ಜಾಗದಲ್ಲಿ ಎಟಿ4ಜಿ18960 (AT4G18960) ಎಂದು ಬರೆಯಿರಿ. ಮೊದಲೆರಡು ಅಕ್ಷರ ಅರಾಬಿಡಾಪ್ಸಿಸ್ ಥಾಲಿಯಾನಾ ಎಂಬ ಗಿಡದ ಪೂರ್ಣ ಹೆಸರಿನವು, 4 ಎಂದರೆ ನಾಲ್ಕನೆಯ ವರ್ಣತಂತು, ಜಿ ಎಂದರೆ ಜೀನ್, ಉಳಿದದ್ದು ವರ್ಣತಂತುವಿನ ಒಂದು ತುದಿಯಿಂದ ಎಣಿಸಿದ ಸ್ಥಾನಸಂಖ್ಯೆ. ಮುಂದೆ ಹೊಸ ಜೀನ್ ಸಿಕ್ಕರೆ ನಡುವೆ ಸೇರಿಸಲೆಂದು ಈ ಸಂಖ್ಯೆಗಳನ್ನು ಹತ್ತು ಹತ್ತರ ಅಂತರದಲ್ಲಿ ಕೊಟ್ಟಿದ್ದಾರೆ. ನಮ್ಮ ಬಡಾವಣೆಗಳ ಮನೆ ನಂಬರುಗಳಿಗೂ ಇಷ್ಟು ದೂರಾಲೋಚನೆ ಇದ್ದಿದ್ದರೆ ಚೆನ್ನಾಗಿತ್ತು. ತೆರೆದುಕೊಳ್ಳುವ ಪುಟ ಅಗಾಮಸ್ ಎಂಬ ಜೀನಿನದು. ಹೂವಿಗೆ ಹೊರಗಿನಿಂದ ಒಳಕ್ಕೆ ಪುಷ್ಪಪತ್ರ, ದಳ, ಕೇಸರ, ಶಲಾಕೆ ಎಂದು ನಾಲ್ಕು ಸುತ್ತು. ಈ ಜೀನ್ ಕೆಟ್ಟ ಗಿಡದಲ್ಲಿ ಕೇಸರವಿರಬೇಕಾದಲ್ಲಿ ದಳಗಳು ಮೂಡುತ್ತವೆ, ಶಲಾಕೆಯ ಜಾಗದಲ್ಲಿ ಮತ್ತೊಂದು ಹೂವೇ ಶುರುವಾಗಿ ಸುತ್ತುಗಳು ಮುಗಿಯುವುದೇ ಇಲ್ಲ. ಕನ್ನಡ ಓದುಗರಿಗೆ ಏಳುಸುತ್ತಿನ ಮಲ್ಲಿಗೆ ನೆನಪಾಗುವುದು ಸಹಜ, ಆದರೆ ಮಲ್ಲಿಗೆಗೂ ಇದೇ ಕಾರಣವೆಂದು ನಾನು ಹೇಳುತ್ತಿಲ್ಲ.

ಪುಟದ ಪ್ರಬಂಧಪಟ್ಟಿಯಲ್ಲಿ ಹಳೆಯ ವರ್ಷಗಳತ್ತ ಸರಿದರೆ 1990 ಸಿಗುತ್ತದೆ. ಮೆಯೆರೊವಿಟ್ಜ್ ಅವರ ಪ್ರಯೋಗಾಲಯದಲ್ಲಿ ಮಾರ್ಟಿನ್ ಯಾನೊಫ್ಸ್ಕಿ ಮತ್ತು ಸಂಗಡಿಗರು ಈ ಜೀನನ್ನು ಹಿಡಿದದ್ದು ಆ ವರ್ಷ. ಅದರ ಪ್ರೋಟೀನು ಯೀಸ್ಟ್‌ನಲ್ಲಿಯೂ ಮನುಷ್ಯರಲ್ಲಿಯೂ ಇರುವ ಜೀನ್ ನಿಯಂತ್ರಕಗಳನ್ನು ಹೋಲುತ್ತದೆಂದು ಆಗಲೇ ಕಂಡುಬಂತು. ಮರುವರ್ಷ ಮೆಯೆರೊವಿಟ್ಜ್ ಅವರು ಸಸ್ಯವಿಜ್ಞಾನಿ ಎನ್ರಿಕೊ ಕೋಯೆನ್ ಅವರೊಂದಿಗೆ ಬರೆದ ಪ್ರಬಂಧ ಎಬಿಸಿ ಮಾದರಿಯನ್ನು ವಿವರಿಸಿತು: ಎ, ಬಿ, ಸಿ ಎಂಬ ಮೂರು ಜೀನ್ ಗುಂಪುಗಳಲ್ಲಿ ಎ ಒಂದೇ ಕೆಲಸ ಮಾಡಿದರೆ ಪುಷ್ಪಪತ್ರ, ಎ ಮತ್ತು ಬಿ ಸೇರಿದರೆ ದಳ, ಬಿ ಮತ್ತು ಸಿ ಸೇರಿದರೆ ಕೇಸರ, ಸಿ ಒಂದೇ ಆದರೆ ಶಲಾಕೆ. ಅಗಾಮಸ್ ಸಿ ಗುಂಪಿನದು. ನೂರಾರು ವರ್ಷ ತೋಟಗಾರರು ಅಂದಕ್ಕೆಂದು ಸಾಕಿದ ವಿಕಾರಗಳಿಗೆ ಮೂರು ಅಕ್ಷರಗಳ ಲೆಕ್ಕ ಸಾಕಾಯಿತು ಎಂಬುದು ನನಗೆ ಈಗಲೂ ಅಚ್ಚರಿಯ ಸಂಗತಿ.

ಇನ್ನೊಂದು ಪುಟ ಎಟಿ1ಜಿ66340, ಅಂದರೆ ಇಟಿಆರ್1. ಬಾಳೆಗೊನೆಗೆ ಹೊಗೆ ಹಾಕಿ ಹಣ್ಣು ಮಾಡುವವರಿಗೆ ಎಥಿಲೀನ್ ಎಂಬ ಹೆಸರು ಗೊತ್ತಿರಬೇಕಿಲ್ಲ, ಆದರೆ ಅದರ ಕೆಲಸ ಚೆನ್ನಾಗಿ ಗೊತ್ತು. ಆ ಅನಿಲವನ್ನು ಸಸ್ಯಕೋಶ ಗುರುತಿಸುವುದು ಈ ಜೀನಿನ ಪ್ರೋಟೀನಿನಿಂದ. ಇದನ್ನು ಮೆಯೆರೊವಿಟ್ಜ್ ತಂಡ ಕ್ಯಾರೆನ್ ಚಾಂಗ್ ಮತ್ತು ಆಂಟನಿ ಬ್ಲೀಕರ್ ಅವರೊಂದಿಗೆ 1993ರಲ್ಲಿ ಪ್ರಕಟಿಸಿತು. ಎಷ್ಟು ದಿನವಾದರೂ ಹಣ್ಣಾಗದ ಒಂದು ಟೊಮೇಟೊ ತಳಿಯಲ್ಲಿ ಕೆಟ್ಟಿರುವುದು ಇದರ ಸೋದರಜೀನೇ ಎಂದು ಎರಡು ವರ್ಷಗಳಲ್ಲಿ ತಿಳಿಯಿತು. ಹಣ್ಣಿನ ನೊಣದ ಜೀನ್‌ಗಳಿಂದ ಆರಂಭಿಸಿ, ಅರಾಬಿಡಾಪ್ಸಿಸ್‌ನ ಜೀನೋಮ್, ಅಂದರೆ ಅದರ ಒಟ್ಟು ಡಿಎನ್‌ಎ, ಅತಿ ಚಿಕ್ಕದೆಂದು 1984ರಲ್ಲಿ ತೋರಿಸಿ ಈ ಕಳೆಯನ್ನು ಪ್ರಯೋಗಾಲಯಗಳಿಗೆ ಒಪ್ಪಿಸಿದವರಲ್ಲಿ ಮೆಯೆರೊವಿಟ್ಜ್ ಅವರೂ ಒಬ್ಬರು. ಟೇರ್ ಇರುವುದಕ್ಕೆ ಆ ಹಂತವೂ ಒಂದು ಕಾರಣ. 1997ರ ಅಂತರರಾಷ್ಟ್ರೀಯ ಜೀವವಿಜ್ಞಾನ ಪ್ರಶಸ್ತಿ, 2006ರ ಬಾಲ್ಜಾನ್ ಪ್ರಶಸ್ತಿ ಈ ಪುಟಗಳಲ್ಲಿ ಕಾಣುವುದಿಲ್ಲ, ಕಾಣದಿದ್ದರೂ ನಷ್ಟವಿಲ್ಲ.

ಸೇವೆಯ ಮುಖ್ಯ ಗುಣವೆಂದರೆ, ಪ್ರಬಂಧಗಳನ್ನು ಮನುಷ್ಯರೇ ಓದಿ ಪ್ರತಿ ಜೀನಿನ ಕೆಲಸವನ್ನು ಆಧಾರಸಹಿತ ದಾಖಲಿಸುತ್ತಾರೆ. ಅದಕ್ಕೆ ತಕ್ಕ ಬೆಲೆಯೂ ಇದೆ. ಅಮೆರಿಕದ ಸರ್ಕಾರಿ ಅನುದಾನ ನಿಂತ ಮೇಲೆ ಫೀನಿಕ್ಸ್ ಬಯೋಇನ್ಫರ್ಮ್ಯಾಟಿಕ್ಸ್ ಎಂಬ ಲಾಭರಹಿತ ಸಂಸ್ಥೆ ಇದನ್ನು ಚಂದಾದಿಂದ ನಡೆಸುತ್ತಿದೆ. ಚಂದಾ ಇಲ್ಲದವರಿಗೆ ತಿಂಗಳಿಗೆ ನಿಗದಿತ ಸಂಖ್ಯೆಯ ಪುಟಗಳು ಮಾತ್ರ ಉಚಿತ. ಒಂದು ವರ್ಷ ಹಳೆಯದಾದ ದತ್ತಾಂಶವನ್ನು ಎಲ್ಲರಿಗೂ ಬಿಟ್ಟುಕೊಡುವ ಪದ್ಧತಿ ಇರುವುದರಿಂದ ಪಾಠ ಮಾಡುವವರಿಗೆ ತೊಂದರೆ ಕಡಿಮೆ, ಹೊಸ ಸಂಶೋಧನೆ ಮಾಡುವ ಸಣ್ಣ ಪ್ರಯೋಗಾಲಯಗಳಿಗೆ ಮಾತ್ರ ಇದು ಹೊರೆಯೇ. ಭತ್ತ, ರಾಗಿಯ ಜೀನ್ ಬೇಕಾದವರು ಬೇರೆಡೆ ಹೋಗಬೇಕು. ಹೊಸಬರಿಗೆ ಪುಟಗಳು ಕಿಕ್ಕಿರಿದಂತೆ ಕಾಣುತ್ತವೆ. ಮೊದಲ ದಿನ ಸಾರಾಂಶವನ್ನೂ ಪ್ರಬಂಧಪಟ್ಟಿಯನ್ನೂ ಮಾತ್ರ ನೋಡಿ, ಉಳಿದ ವಿಭಾಗಗಳಿಗೆ ಎರಡನೆಯ ದಿನ ಹೋಗಿ.